ಕೊನೆಯ ಚಿಮಣಿ ದಾಟುವವರೆಗೆ

ನಮ್ಮೂರಿನಿಂದ ವಿಮಾನ ನಿಲ್ದಾಣಕ್ಕೆ ಹೊರಡುವ ದಿನ ಯಾರೂ ಹೊಟ್ಟೆ ತುಂಬ ಉಣ್ಣುವುದಿಲ್ಲ. ಮೊಸರನ್ನವಂತೂ ತಟ್ಟೆಯ ಹತ್ತಿರ ಸುಳಿಯುವ ಹಾಗಿಲ್ಲ. ಹಿಂದಿನ ದಿನವೇ ಮನೆಮಂದಿಯೆಲ್ಲ ಮಲಗಿ ನಿದ್ದೆಯನ್ನು ತೀರಿಸಿಕೊಂಡುಬಿಡಬೇಕು. ‘ನಾಳೆ ಹೊರಡ್ತಾರೆ, ಮಲಗಿದ್ದಾರೆ’ ಅಂದರೆ ಬಂದ ನೆಂಟರೂ ಬಾಗಿಲಲ್ಲೇ ಹಿಂದಕ್ಕೆ ತಿರುಗುತ್ತಾರೆ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಹೊರಡುವಾಗ ಹಾಸಿಗೆ ಮಡಿಸಬಾರದು. ದಿಂಬು ಹೊದಿಕೆ ಸಮೇತ ಎಲ್ಲರ ಹಾಸಿಗೆಯನ್ನೂ ಹಾಸಿಟ್ಟು, ಕೀಲಿಕೈಯನ್ನು ಪಕ್ಕದ ಮನೆಯಲ್ಲಿ ಕೊಟ್ಟು ಗಾಡಿ ಹತ್ತಬೇಕು. ಊರು ದಾಟಿದ ಮೇಲೆ ದೊಡ್ಡ ಬಯಲು, ಬಯಲಿನ ತುದಿಯಲ್ಲಿ ಸಾಲಾಗಿ ಇಟ್ಟಿಗೆ ಗೂಡುಗಳು. ಅಲ್ಲಿಯ ಕೊನೆಯ ಚಿಮಣಿ ದಾಟುವವರೆಗೆ ದಾರಿಯಲ್ಲಿ ಯಾರು ನಿದ್ದೆ ಹೋದರೂ ಅವರು ಗಾಡಿಯಲ್ಲಿ ಉಳಿಯುವುದಿಲ್ಲ. ಮನೆಯಲ್ಲಿ, ತಮ್ಮ ತಮ್ಮ ಹಾಸಿಗೆಯಲ್ಲಿ ಕಣ್ಣು ಬಿಡುತ್ತಾರೆ. ಚಪ್ಪಲಿ ಮಾತ್ರ ಗಾಡಿಯಲ್ಲೇ ಬಿದ್ದಿರುತ್ತದೆ.

ಇದಕ್ಕೆ ಊರವರು ಎಂದೋ ಒಗ್ಗಿಹೋಗಿದ್ದಾರೆ. ಬಸ್‌ಸ್ಟ್ಯಾಂಡಿನಲ್ಲಿ ಗೋಡೆಯುದ್ದಕ್ಕೂ ಒಂದು ಮರದ ಕಪಾಟಿದೆ. ದಾರಿಯಲ್ಲಿ ತೂಕಡಿಸಿ ಮನೆ ಸೇರಿದವರ ಚಪ್ಪಲಿಗಳನ್ನು ಕಂಡಕ್ಟರುಗಳು ಸಂಜೆ ತಂದು ಅಲ್ಲಿ ಜೋಡಿಸುತ್ತಾರೆ, ಮರುದಿನ ಅವರವರು ಬಂದು ನಗುತ್ತಾ ಹಾಕಿಕೊಂಡು ಹೋಗುತ್ತಾರೆ. ರಸ್ತೆಯ ಗುಂಡಿ ಮುಚ್ಚಲು ಬಂದಿದ್ದ ಗುತ್ತಿಗೆದಾರನನ್ನು ಊರಿನ ಹೆಂಗಸರೇ ಅಟ್ಟಿ ಕಳಿಸಿದ್ದರಂತೆ. ಗುಂಡಿ ಇದ್ದರೆ ತಾನೇ ಎಚ್ಚರ ಇರುವುದು! ಪರಸ್ಥಳದಿಂದ ಬರುವಾಗ ಮಾತ್ರ ಭಾರಿ ಸುಖ. ಚಿಮಣಿ ಕಂಡ ಕೂಡಲೇ ಸೋಮಾರಿಗಳೆಲ್ಲ ಕಾಲು ಚಾಚಿ ಕಣ್ಣು ಮುಚ್ಚುತ್ತಾರೆ, ಬಸ್ಸು ಊರು ಮುಟ್ಟುವಷ್ಟರಲ್ಲಿ ಅವರು ಮನೆಯಲ್ಲಿ ಎದ್ದು ಕಾಫಿ ಕುಡಿಯುತ್ತಿರುತ್ತಾರೆ.

ನಾನು ಈ ಊರಿನವಳಲ್ಲ. ನಂಜುಂಡನಿಗೆ ಎರಡನೆಯ ಹೆಂಡತಿಯಾಗಿ ಬಂದವಳು. ಮದುವೆ ಮುಗಿಸಿಕೊಂಡು ಬರುವಾಗ, ಚಿಮಣಿ ದಾಟಿದ ಸ್ವಲ್ಪ ಹೊತ್ತಿಗೆ, ನನ್ನ ಭುಜಕ್ಕೆ ಒರಗಿದ್ದ ಹೊಸ ಗಂಡ ಇದ್ದಕ್ಕಿದ್ದ ಹಾಗೆ ಇಲ್ಲವಾದರು. ಭುಜದ ಮೇಲೆ ಭಾರವಿಲ್ಲ, ಸೀಟಿನಲ್ಲಿ ಕೂತ ಗುರುತು ಮಾತ್ರ. ನಾನು ಕಿರುಚಿಕೊಂಡೆ. ಡ್ರೈವರು ತಿರುಗಿಯೂ ನೋಡದೆ, ‘ಸುಸ್ತಾಗಿದ್ರು ಪಾಪ’ ಅಂದ. ಅವರ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ನಾನೊಬ್ಬಳೇ ಅತ್ತೆಮನೆಯ ಬಾಗಿಲು ತಟ್ಟಿದೆ. ಕಣ್ಣುಜ್ಜಿಕೊಳ್ಳುತ್ತಾ ಬಾಗಿಲು ತೆಗೆದವರು ಅವರೇ. ಅವರ ಹಿಂದೆ, ಅಜ್ಜಿಯ ಸೆರಗು ಹಿಡಿದುಕೊಂಡು ನಿಂತಿದ್ದಳು ಸಂಪಿ. ಆಗ ಅವಳಿಗೆ ಮೂರು ವರ್ಷ. ಹೆತ್ತ ತಾಯಿ ಪ್ರಭಾ ತೀರಿಹೋಗಿ ವರ್ಷ ತುಂಬಿತ್ತು. ‘ಇವರು ನಿನ್ನ ಚಿಕ್ಕಮ್ಮ’ ಎಂದು ಅತ್ತೆ ಹೇಳಿಕೊಟ್ಟರು. ಅದು ಅವಳ ಬಾಯಲ್ಲಿ ಚಿಕ್ಕಿ ಆಯಿತು.

ಎರಡು ವರ್ಷವಾದ ಮೇಲೆ, ಈ ಬೇಸಿಗೆ ರಜೆಯಲ್ಲಿ ಎಲ್ಲರೂ ಸೇರಿ ಸಮುದ್ರ ನೋಡಲು ಹೊರಟಿದ್ದೆವು. ವಿಮಾನ ಸಂಜೆಗೆ. ಮಧ್ಯಾಹ್ನವೇ ಕೆಂಚಪ್ಪನ ವ್ಯಾನು ಬಂತು. ಕೆಂಚಪ್ಪ ವಿಮಾನ ನಿಲ್ದಾಣದ ದಾರಿಯಲ್ಲೇ ತಲೆ ನರೆಸಿಕೊಂಡವನು. ಗಾಡಿ ಓಡಿಸುವುದಕ್ಕಿಂತ ಜನರನ್ನು ಎಚ್ಚರ ಇಡುವುದರಲ್ಲೇ ಅವನಿಗೆ ಹೆಸರು. ಎರಡು ಸೂಟ್‌ಕೇಸು, ಅತ್ತೆಯ ಕೋಡುಬಳೆ ಡಬ್ಬ ತುಂಬಿದ ವೈರ್ ಬ್ಯಾಗು, ಸಂಪಿ ಬಿಡಲೇ ಒಪ್ಪದ ಹಸಿರು ಬಕೆಟ್ಟು, ಎಲ್ಲವನ್ನೂ ಮೇಲೆ ಹಗ್ಗ ಹಾಕಿ ಬಿಗಿದ. ನನ್ನ ಕೈಗೆ ಮಾವಿನಕಾಯಿ ಹೋಳು, ಉಪ್ಪುಖಾರದ ಪೊಟ್ಟಣ ಕೊಟ್ಟು, ‘ಮಗೀಗೆ ಆಕಳಿಕೆ ಬಂದ್ರೆ ಇದನ್ನ ಬಾಯಿಗಿಡಿ ಅಕ್ಕಾ, ಆಮೇಲೆ ನಾನು ನೋಡ್ಕೋತೀನಿ’ ಎಂದ.

ಮೊದಮೊದಲು ಎಲ್ಲ ತಮಾಷೆಯಾಗಿಯೇ ಇತ್ತು. ಕೆಂಚಪ್ಪ ಒಂದು ಗುಂಡಿಯನ್ನೂ ಬಿಡದೆ ಹುಡುಕಿ ಹುಡುಕಿ ಇಳಿಸುತ್ತಿದ್ದ. ಪ್ರತಿ ಸಲವೂ ಸಂಪಿ ಕಿಲಕಿಲ ನಗುತ್ತಿದ್ದಳು. ಕಿಟಕಿಯೆಲ್ಲ ತೆಗೆದಿದ್ದರಿಂದ ಧೂಳು ಮುಖಕ್ಕೇ ಹೊಡೆಯುತ್ತಿತ್ತು. ‘ಚಿಕ್ಕೀ, ಸಮುದ್ರ ರಾತ್ರಿ ಮಲಗುತ್ತಾ?’ ಎಂದು ಅವಳು ಕೇಳಿದಳು. ‘ಮಲಗಿದ್ರೆ ಅದೂ ಅದರ ಮನೇಗೇ ಹೋಗ್ಬಿಡುತ್ತೆ’ ಎಂದರು ಇವರು. ಅತ್ತೆ ಮೂಗಿಗೆ, ಹಣೆಗೆ, ಕಣ್ಣಿನ ಕೆಳಗೆ ಎಚ್ಚರಕ್ಕೆಂದು ಉರಿಯುವ ಮುಲಾಮು ಹಚ್ಚಿಕೊಂಡು ಕಣ್ಣೀರು ಸುರಿಸುತ್ತಾ ಕೂತಿದ್ದರು.

ಊರಿನ ಕೊನೆಯ ಪೆಟ್ರೋಲ್ ಬಂಕು ದಾಟಿ ಬಯಲಿನ ನಡುವೆ ಬಂದ ಮೇಲೆ ಅತ್ತೆ ಸುಮ್ಮನೆ, ಮಾತಿಗೆ ಮಾತು ಬರಲಿ ಎಂಬಂತೆ ಕೇಳಿದರು. ‘ಹಾಸಿಗೆ ಎಲ್ಲ ಸರಿಯಾಗಿ ಹಾಸಿ ಬಂದ್ಯೇನಮ್ಮ?’

‘ಹೂಂ ಅತ್ತೆ. ನಿಮ್ಮದು, ನಮ್ಮಿಬ್ಬರದು...’ ಎಂದೆ. ಅಲ್ಲಿಗೆ ನನ್ನ ಮಾತು ನಿಂತುಹೋಯಿತು.

‘ಸಂಪೀದು?’

ಸಂಪಿಯ ಹಾಸಿಗೆ ಮನೆಯಲ್ಲಿ ಇರಲೇ ಇಲ್ಲ. ಅದನ್ನು ಬೆಳಿಗ್ಗೆ ನಾನೇ ಹುಸೇನ್ ಸಾಬರಿಗೆ ಕೊಟ್ಟಿದ್ದೆ. ಸಾಬರು ಹತ್ತಿ ಹಿಂಜಿ ಹಾಸಿಗೆ ಹೊಲಿಯುವವರು, ಸೈಕಲ್ಲಿನಲ್ಲಿ ಕೂಗಿಕೊಂಡು ಬೀದಿಗೆ ಬಂದಿದ್ದರು. ಸಂಪಿ ಎಷ್ಟೋ ದಿನದಿಂದ ‘ಚಿಕ್ಕೀ, ಅದು ಚುಚ್ಚುತ್ತೆ, ಗಂಟು ಗಂಟು’ ಎನ್ನುತ್ತಾ ರಾತ್ರಿ ಅಜ್ಜಿಯ ಪಕ್ಕದಿಂದ ಎದ್ದು ನನ್ನ ಹತ್ತಿರ ಬರುತ್ತಿದ್ದಳು. ಬೆಳಗಾಗುವ ಮೊದಲು ಅವಳನ್ನು ಎತ್ತಿಕೊಂಡು ಹೋಗಿ ಅಲ್ಲೇ ಮಲಗಿಸಿ ಬರುತ್ತಿದ್ದೆ. ಅವಳನ್ನು ಪಕ್ಕದಲ್ಲಿ ಮಲಗಿಸಿಕೊಳ್ಳುವುದು ಅತ್ತೆಗೆ ಮಗಳಂತಿದ್ದ ಪ್ರಭಾಳ ನೆನಪು, ಅದನ್ನು ಕಿತ್ತುಕೊಂಡೆ ಎಂದು ಅವರಿಗೆ ಅನಿಸಬಾರದು ಎಂದು. ಹೇಗೂ ಊರಲ್ಲಿ ಇರುವುದಿಲ್ಲ, ಬರುವಷ್ಟರಲ್ಲಿ ಮಗುವಿಗೆ ಮೆತ್ತಗಿನ ಹಾಸಿಗೆ ಸಿದ್ಧವಾಗಿರಲಿ ಎಂದುಕೊಂಡೆ. ನಾನು ಹುಟ್ಟಿದ ಊರಿನಲ್ಲಿ ಹಾಸಿಗೆ ಹೊಲಿಸುವುದು ಹೀಗೆ ಪ್ರಯಾಣ ಹೊರಟಾಗಲೇ. ಕೈ ತನ್ನಷ್ಟಕ್ಕೆ ತವರಿನ ರೂಢಿಯನ್ನೇ ಮಾಡಿತ್ತು, ತಲೆ ಸೂಟ್‌ಕೇಸಿನಲ್ಲಿತ್ತು.

ಎಲ್ಲವನ್ನೂ ಬಡಬಡನೆ ಹೇಳಿಬಿಟ್ಟೆ. ಕೆಂಚಪ್ಪ ಜೋರಾಗಿ ಹಾಕಿದ್ದ ಹಾಡು ನಿಲ್ಲಿಸಿದ. ಇವರು ಮುಂದಿನ ಸೀಟಿನಿಂದ ತಿರುಗಿ ನನ್ನ ಮುಖ ನೋಡಿದರು. ಕೋಪ ಇದ್ದಿದ್ದರೆ ಚೆನ್ನಾಗಿತ್ತು. ಅವರ ಮುಖದಲ್ಲಿ ರಕ್ತವೇ ಇರಲಿಲ್ಲ.

ಏಕೆಂದರೆ ಊರಿನಲ್ಲಿ ಎಲ್ಲರಿಗೂ ಗೊತ್ತಿರುವ, ಯಾರೂ ಬಾಯಿಬಿಟ್ಟು ಆಡದ ಒಂದು ಸಂಗತಿ ಇತ್ತು. ಬೋರೇಗೌಡ ಮೇಷ್ಟ್ರು ಎಂಬುವರು ಒಂದು ಮಳೆಗಾಲ ಬಸ್ಸಿನಲ್ಲಿ ನಿದ್ದೆ ಹೋದರು. ಅದೇ ದಿನ ಅವರ ಮನೆಯ ಗೋಡೆ ಕುಸಿದು ಮಂಚ, ಹಾಸಿಗೆ ಎಲ್ಲ ಮಣ್ಣುಪಾಲಾಗಿತ್ತು. ಮೇಷ್ಟ್ರು ಬಸ್ಸಿನಲ್ಲಿ ಉಳಿಯಲಿಲ್ಲ. ಮನೆಗೂ ಬರಲಿಲ್ಲ. ಎಲ್ಲಿಗೂ ಬರಲಿಲ್ಲ. ಅವರ ಚಪ್ಪಲಿ ಇವತ್ತಿಗೂ ಆ ಕಪಾಟಿನ ಮೇಲಿನ ಸಾಲಿನಲ್ಲಿದೆ. ಅವರ ಹೆಂಡತಿ ಆಗಾಗ ಬಂದು ಧೂಳು ಒರೆಸಿ, ಮತ್ತೆ ಅಲ್ಲೇ ಇಟ್ಟು ಹೋಗುತ್ತಾರೆ.

‘ಗಾಡಿ ತಿರುಗ್ಸು ಕೆಂಚಪ್ಪ’ ಎಂದರು ಇವರು.

‘ತಿರುಗ್ಸಿ ಏನ್ ಮಾಡೋದು ಸಾರ್? ಹಿಂದಿನ ದಾರೀನೂ ಇದೇ ದಾರಿ. ಅಲ್ಲಿ ಹೋದ್ರೂ ಹಾಸ್ಗೆ ಇಲ್ವಲ್ಲ. ಮುಂದೇನೇ ಹತ್ತಿರ.’ ಅವನ ದನಿಯಲ್ಲಿ ಯಾವಾಗಲೂ ಇರುತ್ತಿದ್ದ ಗತ್ತು ಇರಲಿಲ್ಲ. ‘ಸಾಬ್ರಿಗೆ ಫೋನ್ ಹಾಕಿ ಮೊದ್ಲು.’

ಇವರು ಫೋನು ಹಚ್ಚಿ, ಎಲ್ಲರಿಗೂ ಕೇಳುವ ಹಾಗೆ ನನ್ನ ಮುಂದೆ ಹಿಡಿದರು. ‘ಹಾಸಿಗೆ ಎಲ್ಲಿಗೆ ಬಂತು ಸಾಬ್ರೇ?’ ಎಂದೆ. ಹಿಂಜುವ ಯಂತ್ರದ ಸದ್ದಿನ ನಡುವೆ ಸಾಬರ ದನಿ ಬಂತು. ‘ಆಗ್ತಾ ಇದೆ ಅಮ್ಮಾ, ಬಿಚ್ಚಿ ಹಾಕಿದೀನಿ, ಹತ್ತಿ ಎಲ್ಲ ಗುಡ್ಡೆ ಬಿದ್ದಿದೆ. ಆದ್ರೆ ಯಾಕೆ ಕೊಟ್ರಿ ಅಂತ ನನಗೆ ಅರ್ಥ ಆಗ್ಲಿಲ್ಲ. ಒಂದ್ ಗಂಟೂ ಇರ್ಲಿಲ್ಲ, ಹೂವಿನ ಹಾಗಿತ್ತು...’

‘ಸಾಬ್ರೇ, ನಾವು ಬಯಲಲ್ಲಿದ್ದೀವಿ. ವಿಮಾನಕ್ಕೆ ಹೊರಟಿದ್ದೀವಿ. ಮಗು ಜೊತೇಲಿದೆ’ ಎಂದೆ.

ಯಂತ್ರ ನಿಂತಿತು. ಸಾಬರು, ‘ಯಾ ಅಲ್ಲಾ’ ಎಂದರು. ‘ನನಗ್ಯಾಕಮ್ಮ ಹೇಳ್ಲಿಲ್ಲ? ತುಂಬ್ತೀನಿ, ಈಗ್ಲೇ ತುಂಬ್ತೀನಿ. ಪಕ್ಕದ ಮನೇಲಿ ಕೀಲಿ ಇಸ್ಕೊಂಡು ಹೋಗಿ ಅದೇ ಜಾಗದಲ್ಲಿ ಹಾಸ್ತೀನಿ. ಅಲ್ಲೀವರ್ಗೂ ಮಗೂನ ಮಲಗಕ್ಕೆ ಬಿಡಬೇಡಿ, ನಿಮ್ಮ ಕಾಲಿಗೆ ಬೀಳ್ತೀನಿ.’

ಒಮ್ಮೆ ಬಿಚ್ಚಿದ ಹಾಸಿಗೆ ಮತ್ತೆ ತುಂಬಿದರೆ ಅದೇ ಹಾಸಿಗೆಯೋ ಅಲ್ಲವೋ, ಅದು ಸಾಬರಿಗೂ ಗೊತ್ತಿರಲಿಲ್ಲ, ನಮಗೂ ಗೊತ್ತಿರಲಿಲ್ಲ. ಕೇಳಲು ಯಾರಿಗೂ ಧೈರ್ಯ ಬರಲಿಲ್ಲ.

ಆಗ ಸಂಪಿ ಬಾಯಿ ಅಗಲಿಸಿ ಆಕಳಿಸಿದಳು.

ಮಾವಿನಕಾಯಿ ಹೋಳನ್ನು ಖಾರದಲ್ಲಿ ಅದ್ದಿ ಕೊಟ್ಟೆ, ಮುಖ ಸಿಂಡರಿಸಿಕೊಂಡು ಉಗಿದಳು. ಒದ್ದೆ ಕರವಸ್ತ್ರದಿಂದ ಮುಖ ಒರೆಸಿದೆ. ಅತ್ತೆ ಹಾಡಿದರು. ಹಾಡಿದರೆ ಮಗುವಿಗೆ ನಿದ್ದೆ ಬರುತ್ತದೆ ಎಂದು ಹೊಳೆದು, ಅರ್ಧಕ್ಕೆ ನಿಲ್ಲಿಸಿ ಚಪ್ಪಾಳೆ ತಟ್ಟತೊಡಗಿದರು. ಇವರು ಕೋತಿಯ ಹಾಗೆ ಮುಖ ಮಾಡಿದರು, ಕಣ್ಣಲ್ಲಿ ಮಾತ್ರ ನೀರಿತ್ತು. ಸಂಪಿಗೆ ಯಾವುದೂ ಬೇಡವಾಗಿತ್ತು. ನಾವು ದೊಡ್ಡವರು ಹಿಂದಿನ ದಿನ ಮಲಗಿ ಎದ್ದಿದ್ದೆವು. ಅವಳು ಸಮುದ್ರದ ಸಂಭ್ರಮದಲ್ಲಿ ಕಣ್ಣೇ ಮುಚ್ಚಿರಲಿಲ್ಲ. ನನ್ನ ಸೀರೆಯ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ತೊಡೆಯ ಮೇಲೆ ಹತ್ತಿ ಕೂತಳು.

‘ಕೂರಿಸ್ಕೋಬೇಡ, ನಿಲ್ಲಿಸು ಅವಳನ್ನ’ ಎಂದರು ಇವರು. ನಿಲ್ಲಿಸಿದೆ. ನಿಂತಲ್ಲೇ ತೂಗಿ ನನ್ನ ಎದೆಗೆ ಬಿದ್ದಳು. ‘ಚಿಕ್ಕೀ, ಸಾಕು’ ಎಂದು ಅಳುವ ದನಿ ಮಾಡಿದಳು. ನಾನು ಅವಳ ತೋಳು ಚಿವುಟಿದೆ. ಎರಡು ವರ್ಷದಲ್ಲಿ ಒಂದು ದಿನವೂ ಆ ಮಗುವಿಗೆ ನೋವು ಮಾಡಿದವಳಲ್ಲ ನಾನು. ಅವಳು ಜೋರಾಗಿ ಅತ್ತಳು. ಅಳು ಕೇಳಿ ನಮಗೆಲ್ಲ ಹೋದ ಜೀವ ಬಂದಂತಾಯಿತು. ಅಳಲಿ, ಅಳುತ್ತಲೇ ಇರಲಿ.

ದೂರದಲ್ಲಿ ಚಿಮಣಿಗಳು ಕಾಣಿಸಿದವು. ಅಷ್ಟರಲ್ಲಿ ರೈಲ್ವೆ ಗೇಟು ಬಿತ್ತು.

ಕೆಂಚಪ್ಪ ಸ್ಟೇರಿಂಗಿಗೆ ಹಣೆ ಚಚ್ಚಿಕೊಂಡ. ಗಾಡಿ ನಿಂತ ಮೇಲೆ ಕುಲುಕಾಟ ಇಲ್ಲ, ಗಾಳಿ ಇಲ್ಲ. ಬಯಲಿನ ಬಿಸಿಲು ತಗಡಿನ ಮೇಲೆ ಕೂತಿತು. ಇವರು ಇಳಿದು ಹೋಗಿ ಗೇಟಿನವನನ್ನು ಬೇಡಿಕೊಂಡರು. ಅವನು ಕೈ ತೋರಿಸಿದ ಕಡೆ ಗೂಡ್ಸ್ ಗಾಡಿ ಆಗಲೇ ಬರುತ್ತಿತ್ತು. ಡಬ್ಬಿಯ ಹಿಂದೆ ಡಬ್ಬಿ, ತೊಟ್ಟಿಲು ತೂಗಿದ ಹಾಗೆ ಒಂದೇ ಲಯದ ಸದ್ದು. ಆ ಸದ್ದಿಗೆ ಅತ್ತೆಯ ತಲೆ ಒಮ್ಮೆ ವಾಲಿತು. ಅವರು ತಾವೇ ತಮ್ಮ ಕೆನ್ನೆಗೆ ಹೊಡೆದುಕೊಂಡು ನೆಟ್ಟಗೆ ಕೂತರು. ನಾನು ರೈಲಿನ ಕಡೆಯೇ ನೋಡುತ್ತಿದ್ದೆ. ಮುಗಿಯಲಿ, ಬೇಗ ಮುಗಿಯಲಿ. ಇವತ್ತು ಈ ಮಗು ಹೋದರೆ ಊರು ನನ್ನನ್ನು ಏನನ್ನುತ್ತದೆ ಎಂದು ನನಗೆ ಗೊತ್ತಿತ್ತು. ಮಲತಾಯಿ ಹಾಸಿಗೆ ಮಾಯ ಮಾಡಿಸಿದಳು ಎನ್ನುತ್ತದೆ. ಅನ್ನಲಿ. ಆದರೆ ಆ ಕಪಾಟಿನ ಮೇಲಿನ ಸಾಲಿನಲ್ಲಿ, ಮೇಷ್ಟ್ರ ಚಪ್ಪಲಿಯ ಪಕ್ಕ, ಚಿಟ್ಟೆ ಚಿತ್ರದ ಈ ಪುಟ್ಟ ಚಪ್ಪಲಿ ಇಟ್ಟು ನಾನು ಹೇಗೆ ಬದುಕಲಿ?

ಕೊನೆಯ ಡಬ್ಬಿ ದಾಟಿದಾಗ ಗೊತ್ತಾಯಿತು, ಅಳು ನಿಂತಿದೆ.

‘ಸಂಪೀ’ ಎಂದೆ. ಕೆಳಗೆ ನೋಡುವ ಧೈರ್ಯವಾಗಲಿಲ್ಲ. ತೋಳಿನ ಮೇಲೆ ಮಾತ್ರ ಬಿಸಿ ಉಸಿರು ತಾಗುತ್ತಿತ್ತು, ಒಂದೇ ಸಮನೆ. ನಿಧಾನವಾಗಿ ಕಣ್ಣು ಇಳಿಸಿದೆ. ಸಂಪಿ ನನ್ನ ಎಡತೋಳಿನ ಮೇಲೆ ತಲೆಯಿಟ್ಟು, ಬಾಯಿ ಅರ್ಧ ತೆರೆದುಕೊಂಡು, ಗಾಢವಾಗಿ ನಿದ್ದೆ ಹೋಗಿದ್ದಳು. ಒಂದು ಕಾಲಿನ ಚಪ್ಪಲಿ ಜಾರಿ ಕೆಳಗೆ ಬಿದ್ದಿತ್ತು.

ಅವಳು ಇದ್ದಳು. ನಿದ್ದೆ ಹೋಗಿದ್ದಳು, ಇದ್ದಳು.

ಗಾಡಿ ಹತ್ತಿದ ಇವರು ಅದನ್ನು ಕಂಡು ಅವಳನ್ನು ಅಲುಗಿಸಲು ಕೈ ಚಾಚಿದರು. ಅತ್ತೆ ಆ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು. ‘ಮುಟ್ಟಬೇಡ ನಂಜುಂಡ’ ಎಂದು ಪಿಸುಗುಟ್ಟಿದರು. ‘ಅಲುಗಾಡಿಸಬೇಡ. ಸುನಂದಾ, ನೀನೂ ಅಲುಗಬೇಡ ಕಣಮ್ಮ.’

ಗೇಟು ಎದ್ದಿತು. ಇಲ್ಲಿಯವರೆಗೆ ಗುಂಡಿ ಹುಡುಕುತ್ತಿದ್ದ ಕೆಂಚಪ್ಪ ಈಗ ಒಂದೊಂದು ಗುಂಡಿಯನ್ನೂ ಬಳಸಿಕೊಂಡು, ತುಂಬಿದ ಹಾಲಿನ ಪಾತ್ರೆ ಹೊತ್ತವನ ಹಾಗೆ ಗಾಡಿ ಬಿಟ್ಟ. ಅತ್ತೆ ಮಗುವಿನ ಪಾದವನ್ನು ಎರಡು ಕೈಯಲ್ಲೂ ಹಿಡಿದುಕೊಂಡಿದ್ದರು. ಹಿಡಿದರೆ ಉಳಿಯುತ್ತಾರೆಯೇ? ನನ್ನ ಭುಜದ ಮೇಲಿದ್ದ ಗಂಡನೇ ಉಳಿದಿರಲಿಲ್ಲ. ಪ್ರತಿ ಉಸಿರಿಗೂ ಇದೇ ಕೊನೆಯದು ಎನಿಸುತ್ತಿತ್ತು. ಈಗ ಹೋದಳು, ಇನ್ನೊಂದು ಕ್ಷಣಕ್ಕೆ ಹೋದಳು. ತೋಳು ಜೋಮು ಹಿಡಿದು ಅದರ ಭಾರವೇ ತಿಳಿಯದಂತಾದಾಗ ಹೆದರಿ ಹೆದರಿ ಕೆಳಗೆ ನೋಡುತ್ತಿದ್ದೆ. ಇದ್ದಳು. ಬೆವರಿಗೆ ಅಂಟಿದ ಕೂದಲು, ಬೆರಳಿಗೆ ಸುತ್ತಿದ ನನ್ನ ಸೆರಗಿನ ಅಂಚು. ಎಲ್ಲ ಇತ್ತು.

ಮೊದಲ ಚಿಮಣಿ ಹೋಯಿತು. ಎರಡನೆಯದೂ ಹೋಯಿತು. ನಡುವೆ ಹಸಿ ಇಟ್ಟಿಗೆಯ ಸಾಲುಗಳು, ಬೂದಿಯ ಗುಡ್ಡೆಗಳು. ಅಂತೂ ಹೊಗೆಯಾಡದ, ಮೇಲೆ ಬಿರುಕು ಬಿಟ್ಟ ಕೊನೆಯ ಚಿಮಣಿ ಬಂತು. ಅದು ಕಿಟಕಿಯಲ್ಲಿ ಎಷ್ಟು ಹೊತ್ತು ನಿಂತೇ ಇತ್ತೋ! ಆಮೇಲೆ ಹಿಂದಕ್ಕೆ ಸರಿಯಿತು.

ದಾಟಿದ ಮೇಲೂ ಕೆಂಚಪ್ಪ ಸ್ವಲ್ಪ ದೂರ ಹಾಗೇ ಓಡಿಸಿದ. ನಂತರ ಹುಣಸೆ ಮರದ ಕೆಳಗೆ ನಿಲ್ಲಿಸಿದ. ಅಲ್ಲಿ ಯಾವಾಗಲೂ ಒಂದಷ್ಟು ಗಾಡಿಗಳು ನಿಂತಿರುತ್ತವೆ. ಚಿಮಣಿ ದಾಟಿದ ಸಂಸಾರಗಳು ಅಲ್ಲಿ ಬಾಯಿ ತೆರೆದುಕೊಂಡು, ಒಬ್ಬರ ಮೇಲೊಬ್ಬರು ಬಿದ್ದು, ಆಸೆ ತೀರ ಒಂದು ನಿದ್ದೆ ತೆಗೆಯುವುದು ವಾಡಿಕೆ. ಕೆಂಚಪ್ಪ ಇಳಿದು ಗಾಡಿಯ ಹಿಂದೆ ಹೋದ. ಸಾಮಾನಿನ ಹಗ್ಗ ಬಿಗಿ ಮಾಡುವ ನೆವದಲ್ಲಿ ಅವನು ಅಲ್ಲಿ ನಿಂತು ಅತ್ತದ್ದು ನಮಗೆ ಕೇಳಿಸಿತು. ಇವರು ಸೀಟಿನ ಮೇಲೆ ತಲೆಯಿಟ್ಟು, ‘ಹಾಸಿಗೆ ಇರಲಿಲ್ಲ. ಮತ್ತೆ ಹೇಗೆ? ಹಾಸಿಗೇನೇ ಇರಲಿಲ್ಲವಲ್ಲ’ ಎಂದು ಅದನ್ನೇ ಅನ್ನುತ್ತಿದ್ದರು.

ಅತ್ತೆ ಮಗುವಿನ ಪಾದ ಬಿಟ್ಟರು. ಮುಲಾಮಿಗೋ ಮತ್ತೆ ಯಾತಕ್ಕೋ ಅವರ ಕಣ್ಣುಗಳು ಕೆಂಡದಂತಾಗಿದ್ದವು. ‘ದಿನಾ ರಾತ್ರಿ ಎದ್ದು ನಿನ್ನ ಹತ್ರ ಬರ್ತಿದ್ದಳಲ್ಲ, ನನಗೆ ಗೊತ್ತಿಲ್ಲ ಅಂದ್ಕೊಂಡಿದ್ಯಾ? ಬೆಳಗಿನ ಜಾವ ನೀನು ತಂದು ಮಲಗಿಸಿ ಹೋಗೋವಾಗ ನಾನು ನಿದ್ದೆ ಬಂದ ಹಾಗೆ ಇರ್ತಿದ್ದೆ’ ಎಂದರು. ಕೆಳಗೆ ಬಿದ್ದಿದ್ದ ಪುಟ್ಟ ಚಪ್ಪಲಿಯನ್ನು ಎತ್ತಿ ಮಗುವಿನ ಕಾಲಿಗೆ ಹಾಕುತ್ತಾ, ‘ಇನ್ನು ತಂದು ಮಲಗಿಸಬೇಡ’ ಎಂದರು.

ಇವರ ಫೋನು ಬಡಿದುಕೊಂಡಿತು. ಅತ್ತೆ ಅದನ್ನು ತೆಗೆದು ನನ್ನ ಕಿವಿಗೆ ಹಿಡಿದರು. ಸಾಬರು ಏದುಸಿರು ಬಿಡುತ್ತಿದ್ದರು. ‘ಅಮ್ಮಾ, ಹೇಗೋ ಹೊಲಿದು ತಂದು ಅದೇ ಜಾಗದಲ್ಲಿ ಹಾಸಿದೀನಿ. ಪಕ್ಕದಲ್ಲೇ ಕೂತಿದೀನಿ. ಮಗು ಇನ್ನೂ ಬಂದಿಲ್ಲ. ಎಚ್ಚರ ಇದ್ದಾಳೆ ತಾನೆ?’

‘ಇಲ್ಲ ಸಾಬ್ರೇ. ಮಲಗಿದ್ದಾಳೆ.’

‘ಮಲಗಿದ್ದಾಳಾ? ಎಲ್ಲಿ?’

‘ಇಲ್ಲೇ, ನನ್ನ ತೋಳಿನ ಮೇಲೆ.’

ಮರದ ಕೆಳಗಿನ ಗಾಡಿಗಳಲ್ಲಿ ಯಾರೋ ಗೊರಕೆ ಹೊಡೆಯುತ್ತಿದ್ದರು. ಸಾಬರು, ‘ಹಾಗಿದ್ರೆ ಈ ಹಾಸಿಗೆ ಮಡಿಸಿಡಲಾ ಅಮ್ಮಾ?’ ಎಂದು ಕೇಳಿದರು.

‘ಮಡಿಸಿಡಿ’ ಎಂದೆ.